ದೊಡ್ಡ ಕಚೇರಿಯ ಕಿರಿಯ ವಕೀಲರು: ಸಂಬಳವೆಷ್ಟು, ದುಡಿಮೆಯೆಷ್ಟು?

ಹತ್ತನೆಯ ತರಗತಿ ಮುಗಿಸಿ ಇಂಟರ್‌ಮೀಡಿಯೆಟ್ ಸೇರುವ ಮಕ್ಕಳಿರುವ ಮನೆಗಳಲ್ಲಿ ಎಂಜಿನಿಯರಿಂಗ್, ಶಿಕ್ಷಕ ವೃತ್ತಿ, ಪೊಲೀಸ್ ನೌಕರಿಗಳ ಮಾತಿನ ನಡುವೆ ಈಚೆಗೆ ಇನ್ನೊಂದು ಹೆಸರೂ ಕೇಳಿಬರುತ್ತಿದೆ. ಅದು ಕಾರ್ಪೊರೇಟ್ ವಕೀಲಿ. ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ದೊಡ್ಡ ಕಾನೂನು ಸಂಸ್ಥೆಯೊಂದನ್ನು ಸೇರಿದ ಹೊಸ ಪದವೀಧರರಿಗೆ ಮೊದಲ ವರ್ಷದಲ್ಲಿಯೇ ಹದಿನೈದು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ದೊರೆಯುತ್ತದೆಯೆಂಬ ಸುದ್ದಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಮನೂರುಗಳ ಪಾಲಕರ ಕಿವಿಗೂ ಬಿದ್ದಿದೆ. ಸುದ್ದಿ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ. ಆ ಹಣಕ್ಕೆ ಪ್ರತಿಯಾಗಿ ಎಷ್ಟು ದುಡಿಯಬೇಕು, ಆ ಬಾಗಿಲನ್ನು ಮುಟ್ಟಲು ಎಷ್ಟು ಖರ್ಚಾಗುತ್ತದೆ, ಅದು ತೆರೆಯದಿದ್ದರೆ ಬೇರೆ ಬಾಗಿಲುಗಳು ಯಾವುವು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಳ್ಳದೆ ಹೊಲದ ಮೇಲೆ ಸಾಲ ತೆಗೆಯುವುದು ವಿವೇಕವಲ್ಲ. ದೊಡ್ಡ ಸಂಸ್ಥೆಗಳಲ್ಲಿ ಹೊಸಬರು ಹೆಚ್ಚಾಗಿ ಸೇರುವ ವಿಭಾಗಗಳಲ್ಲಿ ಬ್ಯಾಂಕಿಂಗ್ ವಿಭಾಗವೂ ಒಂದು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಬಹುದು.

ಕೆಲಸವೆಂದರೆ ಏನು?

ನಾರಾಯಣಖೇಡ ಅಥವಾ ತಾಂಡೂರಿನ ನ್ಯಾಯಾಲಯದ ಆವರಣದಲ್ಲಿ ಕಾಣುವ ವಕೀಲರ ದಿನಚರಿಯೇ ಬೇರೆ, ಇವರ ದಿನಚರಿಯೇ ಬೇರೆ. ಬ್ಯಾಂಕಿಂಗ್ ವಿಭಾಗದ ಕಿರಿಯ ವಕೀಲರು ಕರಿ ಕೋಟು ತೊಟ್ಟು ನ್ಯಾಯಾಧೀಶರ ಮುಂದೆ ನಿಲ್ಲುವುದು ಅಪರೂಪ. ಅವರ ಕೈಯಲ್ಲಿರುವುದು ಸಾಲದ ಕಾಗದ.

ಜಹೀರಾಬಾದಿನ ಸಮೀಪ ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ ಭೂಸ್ವಾಧೀನ ನಡೆದಿರುವುದು ಇಲ್ಲಿಯ ಎಲ್ಲರಿಗೂ ತಿಳಿದ ವಿಷಯ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿಯೂ ಜಹೀರಾಬಾದಿನ ಹೆಸರಿದೆ. ಅಲ್ಲಿ ಒಂದು ಕಾರ್ಖಾನೆ ಏಳಲಿದೆ, ಅದಕ್ಕೆ ನಾಲ್ಕು ಬ್ಯಾಂಕುಗಳು ಸೇರಿ 300 ಕೋಟಿ ರೂಪಾಯಿ ಸಾಲ ಕೊಡಲಿವೆ ಎಂದು ಭಾವಿಸೋಣ. ಹಣ ಬಿಡುಗಡೆಯಾಗುವ ಮೊದಲು ಸಾಲದ ಮುಖ್ಯ ಒಪ್ಪಂದ, ಜಮೀನಿನ ಅಡಮಾನ, ಯಂತ್ರ ಮತ್ತು ದಾಸ್ತಾನುಗಳ ಮೇಲಿನ ಹೈಪಾಥಿಕೇಶನ್ ಪತ್ರ, ಷೇರುಗಳ ಒತ್ತೆ, ಮಾಲೀಕರ ವೈಯಕ್ತಿಕ ಜಾಮೀನು, ಕಂಪನಿಯ ಆಡಳಿತ ಮಂಡಳಿಯ ಠರಾವು ಇವೆಲ್ಲವೂ ಸಿದ್ಧವಾಗಬೇಕು. ನಾಲ್ಕು ಬ್ಯಾಂಕುಗಳ ನಾಲ್ಕು ಬಗೆಯ ಷರತ್ತುಗಳು ಒಂದೇ ಒಪ್ಪಂದದೊಳಗೆ ಹೊಂದಿಕೊಳ್ಳಬೇಕು. ಜಮೀನಿನ ಹಕ್ಕು ಕಂಪನಿಗೆ ನಿಜವಾಗಿಯೂ ಬಂದಿದೆಯೇ ಎಂದು ಹಿಂದಿನ ಮೂರು ದಶಕಗಳ ಕಾಗದಗಳನ್ನು ಜಾಲಾಡಬೇಕು. ಸಾಲದ ಕಾಗದಕ್ಕೆ ಸಹಿಯಾದ ಬಳಿಕ ಕಂಪನಿ ಕಾಯ್ದೆಯ 77ನೆಯ ಕಲಂ ಪ್ರಕಾರ 30 ದಿನಗಳೊಳಗೆ ಆ ಋಣಭಾರವನ್ನು ಕಂಪನಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು.

ಹಿರಿಯ ವಕೀಲರು ಬ್ಯಾಂಕಿನೊಡನೆ ಮಾತುಕತೆ ನಡೆಸುತ್ತಾರೆ. ಕರಡು ತಿದ್ದುವುದು, ಬದಲಾದ ಪ್ರತಿಯನ್ನು ಹಳೆಯ ಪ್ರತಿಯೊಡನೆ ಹೋಲಿಸುವುದು, ಯಾವ ಕಾಗದ ಬಂತು, ಯಾವುದು ಬರಲಿಲ್ಲ ಎಂಬ ಪಟ್ಟಿಯನ್ನು ಕಾಯುವುದು, ಸಹಿಗಳನ್ನು ಕೂಡಿಸುವುದು ಕಿರಿಯರ ಪಾಲು. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಂಡೀತು. ಆದರೆ ಒಂದು ಸರ್ವೆ ನಂಬರಿನ ಅಂಕಿ ತಪ್ಪಿದರೆ, ಒಂದು ಸಹಿ ಬಿಟ್ಟುಹೋದರೆ, ಮುಂದೆ ಸಾಲ ಕೆಟ್ಟಾಗ ಬ್ಯಾಂಕಿನ ಭದ್ರತೆಯೇ ಪ್ರಶ್ನೆಗೆ ಒಳಗಾಗುತ್ತದೆ. ಕಿರಿಯರ ಕಣ್ಣಿನ ಮೇಲೆ ಇಷ್ಟು ಹಣ ನಿಂತಿರುವುದರಿಂದಲೇ ಅವರಿಗೆ ಅಷ್ಟು ಸಂಬಳ.

ಗಂಟೆಗಳ ಲೆಕ್ಕ

ಸಾಲ ಬಿಡುಗಡೆಯ ದಿನವನ್ನು ಗೊತ್ತುಮಾಡುವವರು ಬ್ಯಾಂಕು ಮತ್ತು ಕಂಪನಿ. ವಕೀಲರಿಗೆ ಆ ದಿನವನ್ನು ಮುಂದೂಡುವ ಅಧಿಕಾರವಿಲ್ಲ. ಷರತ್ತುಗಳ ಬಗೆಗಿನ ಚೌಕಾಶಿ ಕೊನೆಯ ವಾರದವರೆಗೂ ನಡೆಯುತ್ತದೆ. ಸಂಜೆ ಆರಕ್ಕೆ ಮುಗಿದ ಮಾತುಕತೆಯ ಫಲವು ಮರುದಿನ ಬೆಳಿಗ್ಗೆ ಹತ್ತಕ್ಕೆ ಶುದ್ಧ ಪ್ರತಿಯಾಗಿ ಮೇಜಿನ ಮೇಲಿರಬೇಕು. ನಡುವಿನ ರಾತ್ರಿ ಕಿರಿಯ ವಕೀಲರದು. ಮಾರ್ಚ್ 31 ಸಮೀಪಿಸಿದಾಗ ಬ್ಯಾಂಕುಗಳು ವರ್ಷದ ಗುರಿ ಮುಟ್ಟಲು ಅವಸರಪಡುವುದರಿಂದ ಈ ಒತ್ತಡ ಇಮ್ಮಡಿಯಾಗುತ್ತದೆ. ಹೀಗಾಗಿ ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನ ಎಂಬುದು ಈ ವಿಭಾಗದಲ್ಲಿ ಅಚ್ಚರಿಯ ಮಾತಲ್ಲ. ಹಬ್ಬಕ್ಕೆ ಊರಿಗೆ ಹೊರಟವರು ಬಸ್ಸಿನಲ್ಲಿಯೇ ಲ್ಯಾಪ್‌ಟಾಪ್ ತೆರೆಯಬೇಕಾದ ಸಂದರ್ಭಗಳೂ ಉಂಟು.

ಅನೇಕ ಸಂಸ್ಥೆಗಳಲ್ಲಿ ದುಡಿದ ಸಮಯವನ್ನು ಆರಾರು ನಿಮಿಷಗಳ ತುಣುಕುಗಳಾಗಿ ಬರೆದಿಡುವ ಪದ್ಧತಿಯಿದೆ. ಗಂಟೆಗೆ ಹತ್ತು ತುಣುಕು. ಯಾವ ಕಕ್ಷಿದಾರರಿಗಾಗಿ ಎಷ್ಟು ತುಣುಕು ಎಂಬುದೇ ಬಿಲ್ಲಿಗೆ ಆಧಾರ, ಮತ್ತು ವರ್ಷದ ಕೊನೆಯಲ್ಲಿ ಬಡ್ತಿಗೂ ಒಂದು ಆಧಾರ. ಹೊಸ ಕಾನೂನು ಓದಿ ತಿಳಿದುಕೊಂಡ ಹೊತ್ತು, ಹಿರಿಯರು ಒಪ್ಪಿಸುವ ಮೊದಲು ಕಾದು ಕುಳಿತ ಹೊತ್ತು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಬಿಲ್ಲಿಗೆ ಸೇರುವ ಎಂಟು ಗಂಟೆಗಾಗಿ ಕಚೇರಿಯಲ್ಲಿ ಹನ್ನೊಂದು ಗಂಟೆ ಕಳೆಯಬೇಕಾಗುತ್ತದೆ.

ಹೊರದೇಶಗಳ ಚಿತ್ರವೂ ಭಿನ್ನವಲ್ಲ. ಲಂಡನ್ನಿನ ಕೆಲವು ಅಗ್ರ ಸಂಸ್ಥೆಗಳು 2024ರಲ್ಲಿ ಹೊಸ ವಕೀಲರ ವಾರ್ಷಿಕ ವೇತನವನ್ನು 1,50,000 ಪೌಂಡಿಗೆ ಏರಿಸಿದವು. ನ್ಯೂಯಾರ್ಕಿನಲ್ಲಿ ಮೊದಲ ವರ್ಷದವರಿಗೆ 2,25,000 ಡಾಲರ್. ಅಲ್ಲಿಯ ಸಂಸ್ಥೆಗಳು ವರ್ಷಕ್ಕೆ 1,900ರಿಂದ 2,000 ಗಂಟೆಗಳಷ್ಟು ಬಿಲ್ಲಿಗೆ ಸೇರುವ ದುಡಿಮೆಯನ್ನು ನಿರೀಕ್ಷಿಸುವುದೂ ಸಾಮಾನ್ಯ. ವೇತನ ಏರಿದಂತೆಲ್ಲ ನಿರೀಕ್ಷೆಯೂ ಏರುತ್ತದೆಯೆಂಬುದು ಎಲ್ಲ ಕಡೆಯ ಅನುಭವ.

ಮನೆಯಲ್ಲಿ ಕುಳಿತು ಮಾಡಬಹುದಾದ ಒಂದು ಲೆಕ್ಕವಿದೆ. ವಾರಕ್ಕೆ 72 ಗಂಟೆಯಂತೆ ವರ್ಷದಲ್ಲಿ 50 ವಾರ ದುಡಿದರೆ 3,600 ಗಂಟೆ. ಹದಿನೈದು ಲಕ್ಷವನ್ನು ಅದರಿಂದ ಭಾಗಿಸಿದರೆ ಗಂಟೆಗೆ ಸುಮಾರು 417 ರೂಪಾಯಿ. ಅದೇ ಹಣ ವಾರಕ್ಕೆ 48 ಗಂಟೆಯ ದುಡಿಮೆಗೆ ಬಂದಿದ್ದರೆ ಗಂಟೆಗೆ 625 ರೂಪಾಯಿ ಆಗುತ್ತಿತ್ತು. ಇದರಲ್ಲಿ ಮುಂಬಯಿಯ ಮನೆ ಬಾಡಿಗೆಯನ್ನು ಇನ್ನೂ ಕಳೆದಿಲ್ಲ. ಆದರೂ ಮೊತ್ತ ಸಣ್ಣದಲ್ಲ. ತೊಗರಿ ಬೆಳೆಯುವ ಕುಟುಂಬಕ್ಕೆ ಅದು ಬದುಕನ್ನೇ ಬದಲಿಸುವ ಹಣ. ಸಂಬಳದ ಅಂಕಿಯನ್ನು ಕೇಳಿದಾಗ ಗಂಟೆಯ ಅಂಕಿಯನ್ನೂ ಕೇಳಬೇಕೆಂಬುದಷ್ಟೇ ಇಲ್ಲಿಯ ಮಾತು.

ನೇಮಕದ ಪತ್ರವನ್ನು ಓದುವಾಗ ಇನ್ನೊಂದು ಎಚ್ಚರ ಅಗತ್ಯ. ಅನೇಕ ಕಾನೂನು ಸಂಸ್ಥೆಗಳು ಕಿರಿಯ ವಕೀಲರನ್ನು ನೌಕರರೆಂದು ನೇಮಿಸದೆ, ತಿಂಗಳ ಗೌರವಧನ ಪಡೆಯುವ ಸ್ವತಂತ್ರ ವೃತ್ತಿನಿರತರೆಂದು ಕರೆದುಕೊಳ್ಳುತ್ತವೆ. ಹಾಗಿದ್ದಾಗ ಭವಿಷ್ಯ ನಿಧಿ, ಗ್ರ್ಯಾಚುಟಿಗಳ ಆಸರೆ ಇರುವುದಿಲ್ಲ. ಮೊತ್ತದಿಂದ ವೃತ್ತಿ ಶುಲ್ಕದ ಲೆಕ್ಕದಲ್ಲಿ ನೂರಕ್ಕೆ 10ರಂತೆ ತೆರಿಗೆ ಮೊದಲೇ ಕಡಿತವಾಗುತ್ತದೆ. ಆರೋಗ್ಯ ವಿಮೆ, ಹೆರಿಗೆ ರಜೆ, ಬಿಟ್ಟುಹೋಗುವ ಮುನ್ನ ಕೊಡಬೇಕಾದ ಸೂಚನೆಯ ಅವಧಿ ಇವು ಪತ್ರದಲ್ಲಿ ಬರೆದಿದ್ದಷ್ಟೇ. ಹೆಣ್ಣುಮಕ್ಕಳ ಪಾಲಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕೆಲಸ ಉಳಿಯುತ್ತದೆಯೇ?

ಬ್ಯಾಂಕಿಂಗ್ ಕಾನೂನಿಗೆ ಒಂದು ಬಲವಿದೆ. ಸಾಲ ಹೆಚ್ಚಾಗಿ ಹರಿಯುವ ಕಾಲದಲ್ಲಿ ಒಪ್ಪಂದ ಬರೆಯುವ ಕೆಲಸ. ಸಾಲ ಕೆಡುವ ಕಾಲದಲ್ಲಿ ವಸೂಲಿಯ ಕೆಲಸ. 2016ರಲ್ಲಿ ದಿವಾಳಿ ಸಂಹಿತೆ ಬಂತು. ಮರುವರ್ಷ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು 12 ಭಾರೀ ಸಾಲಗಾರ ಖಾತೆಗಳನ್ನು ಗುರುತಿಸಿ ಈ ಸಂಹಿತೆಯಡಿ ಒಯ್ಯುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಅಂದಿನಿಂದ ಹೈದರಾಬಾದ್ ಸೇರಿದಂತೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಪೀಠಗಳಲ್ಲಿ ಬ್ಯಾಂಕಿನ ವಕೀಲರಿಗೆ ಬಿಡುವಿಲ್ಲ.

ಬ್ಯಾಂಕುಗಳ ಸಂಖ್ಯೆಯೇನೋ ಕಡಿಮೆಯಾಗಿದೆ. ಈ ಸೀಮೆಯ ಹಿರಿಯರಿಗೆ ಚಿರಪರಿಚಿತವಾಗಿದ್ದ, 1941ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಕನ್ನಡ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಸಾರ್ವಜನಿಕ ವಲಯದಲ್ಲಿ ಈಗ ಉಳಿದಿರುವುದು 12 ಬ್ಯಾಂಕುಗಳು. ಕಕ್ಷಿದಾರರು ಕಡಿಮೆಯಾದಂತೆ ಅವರ ಕೆಲಸ ಕೆಲವೇ ದೊಡ್ಡ ಸಂಸ್ಥೆಗಳಲ್ಲಿ ಒಟ್ಟುಗೂಡುತ್ತದೆ, ಶುಲ್ಕದ ಚೌಕಾಶಿಯೂ ಬಿಗಿಯಾಗುತ್ತದೆ. ಎರಡು ಪ್ರತಿಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಕೆಲಸವನ್ನು ಯಂತ್ರ ಈಗಾಗಲೇ ಮಾಡುತ್ತಿದೆ. ಮುಂದೆ ಬರುವ ಕಿರಿಯರಿಂದ ಬರಿಯ ಹೋಲಿಕೆಗಿಂತ ಹೆಚ್ಚಿನದನ್ನು, ಷರತ್ತಿನ ಅರ್ಥವನ್ನು ತೂಗಿ ಹೇಳುವ ಶಕ್ತಿಯನ್ನು, ಮೊದಲ ವರ್ಷದಿಂದಲೇ ಬಯಸಲಾಗುತ್ತದೆ. ಈ ದುಡಿಮೆಯನ್ನು ಜೀವನಪೂರ್ತಿ ಮಾಡುವವರು ಕಡಿಮೆ. ಮೂರರಿಂದ ಐದು ವರ್ಷ ದುಡಿದು, ಬ್ಯಾಂಕು ಅಥವಾ ಹಣಕಾಸು ಕಂಪನಿಯ ಕಾನೂನು ವಿಭಾಗಕ್ಕೆ ಹೋಗುವುದು ಅನೇಕರು ಹಿಡಿಯುವ ದಾರಿ.

ಬಾಗಿಲು ಎಲ್ಲಿದೆ?

ದೊಡ್ಡ ಸಂಸ್ಥೆಗಳು ಹೊಸಬರನ್ನು ಹೆಚ್ಚಾಗಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಂದ ಆರಿಸಿಕೊಳ್ಳುತ್ತವೆ. ಅಲ್ಲಿಗೆ ಪ್ರವೇಶ ಕ್ಲಾಟ್ ಪರೀಕ್ಷೆಯ ಮೂಲಕ. ಆ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆಯಲ್ಲಿ 120 ಪ್ರಶ್ನೆ, ಎಲ್ಲವೂ ದೀರ್ಘ ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಅಡ್ಡಬರುವುದು ಬುದ್ಧಿಯ ಕೊರತೆಯಲ್ಲ, ಇಂಗ್ಲಿಷ್ ಓದಿನ ವೇಗ. ಎರಡು ವರ್ಷ ದಿನವೂ ಒಂದು ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಓದುವ ಅಭ್ಯಾಸದಿಂದ ಅದನ್ನು ಸಾಧಿಸಬಹುದು; ಕೊನೆಯ ಮೂರು ತಿಂಗಳ ತರಬೇತಿಯಿಂದ ಕಷ್ಟ.

ಗಡಿಯಾಚೆಗಿನ ಕನ್ನಡಿಗರಿಗೆ ಇಲ್ಲೊಂದು ವಿಚಿತ್ರವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25ರಷ್ಟು ಮೀಸಲಾತಿಯಿದೆ. ಆದರೆ ಅದಕ್ಕೆ ಕರ್ನಾಟಕದ ಶಾಲೆಗಳಲ್ಲಿ ಹತ್ತು ವರ್ಷ ಓದಿರಬೇಕು. ನ್ಯಾಲಕಲ್ಲಿನ ಕನ್ನಡ ಮಾಧ್ಯಮದ ಮಗುವಿಗೆ ಅದು ಸಲ್ಲುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳನ್ನೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರನ್ನೂ ಬೇರ್ಪಡಿಸಿದ ಗೆರೆ ಇಂದಿಗೂ ಪ್ರವೇಶದ ಅರ್ಜಿಯಲ್ಲಿ ಕಾಣುತ್ತದೆ. ಹೈದರಾಬಾದಿನ ಶಾಮೀರ್‌ಪೇಟೆಯಲ್ಲಿರುವ ನಲ್ಸಾರ್‌ನಲ್ಲಿ ಮಾತ್ರ ತೆಲಂಗಾಣದವರೆಂಬ ಕಾರಣಕ್ಕೆ ಇದೇ ಮಕ್ಕಳಿಗೆ ಮೀಸಲು ಸ್ಥಾನಗಳ ಲಾಭವಿದೆ. ಕನ್ನಡದ ಮನೆಗಳು ಆ ವಿಳಾಸದ ಹಕ್ಕನ್ನು ಬಳಸಿಕೊಳ್ಳಬೇಕು.

ವೆಚ್ಚವೂ ಚಿಕ್ಕದಲ್ಲ. ಇಂಥ ಸಂಸ್ಥೆಗಳಲ್ಲಿ ಐದು ವರ್ಷದ ಓದು, ವಸತಿ, ಊಟಗಳ ಒಟ್ಟು ಮೊತ್ತ ಹತ್ತು ಲಕ್ಷ ರೂಪಾಯಿಯನ್ನು ಮೀರುತ್ತದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿಯ ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ರಿಯಾಯಿತಿಗೂ ಅವಕಾಶವಿದೆ. ಸೀಟು ದೊರೆತ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಹೊಲದ ಮಾತು ಆಮೇಲೆ. ಹೆಸರಿಲ್ಲದ ಖಾಸಗಿ ಕಾಲೇಜಿಗೆ ಇಷ್ಟೇ ಹಣ ಸುರಿದು, ದೊಡ್ಡ ಸಂಸ್ಥೆಯ ಸಂಬಳದಿಂದ ತೀರಿಸುತ್ತೇವೆಂದು ನಂಬುವುದೇ ಅತಿ ದೊಡ್ಡ ಅಪಾಯ.

ಹತ್ತಿರದ ಬಾಗಿಲುಗಳು

ಬ್ಯಾಂಕಿನ ವಕೀಲರಾಗಲು ದೊಡ್ಡ ಸಂಸ್ಥೆಯೊಂದೇ ದಾರಿಯಲ್ಲ. ತೆಲಂಗಾಣದ ಲಾಸೆಟ್ ಬರೆದು ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾನೂನು ಕಾಲೇಜನ್ನೋ, ಗಡಿ ದಾಟಿ ಕಲಬುರಗಿಯ ಸೇಠ್ ಶಂಕರಲಾಲ ಲಾಹೋಟಿ ಕಾನೂನು ಕಾಲೇಜನ್ನೋ ಸೇರಿ ಕಡಿಮೆ ಖರ್ಚಿನಲ್ಲಿ ಪದವಿ ಪಡೆಯಬಹುದು. ಪದವಿಯ ಬಳಿಕ ವಕೀಲರ ಪರಿಷತ್ತಿನ ನೋಂದಣಿ ಶುಲ್ಕ 750 ರೂಪಾಯಿಯನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿಯನ್ನು ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪಿತ್ತಿದೆ. ಹೆಚ್ಚು ಕೇಳಿದರೆ ಪ್ರಶ್ನಿಸುವ ಹಕ್ಕಿದೆ. ವೃತ್ತಿಗೆ ಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು.

ಸರಕಾರಿ ಬ್ಯಾಂಕುಗಳು ಐ.ಬಿ.ಪಿ.ಎಸ್. ಪರೀಕ್ಷೆಯ ಮೂಲಕ ಕಾನೂನು ಅಧಿಕಾರಿಗಳನ್ನು ನೇಮಿಸಿಕೊಳ್ಳುತ್ತವೆ. ಕಾನೂನು ಪದವಿ, ವಕೀಲರ ಪರಿಷತ್ತಿನ ನೋಂದಣಿ, 20ರಿಂದ 30ರೊಳಗಿನ ವಯಸ್ಸು ಇದಕ್ಕೆ ಬೇಕಾದ ಅರ್ಹತೆ. 2024ರ ವೇತನ ಒಪ್ಪಂದದ ಪ್ರಕಾರ ಮೊದಲ ಶ್ರೇಣಿಯ ಅಧಿಕಾರಿಯ ಆರಂಭದ ಮೂಲವೇತನ 48,480 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳು ಬೇರೆ. ದೊಡ್ಡ ಸಂಸ್ಥೆಯ ಮೊತ್ತ ಇದಲ್ಲ, ಆ ರಾತ್ರಿಗಳೂ ಇದರಲ್ಲಿಲ್ಲ. ಒಂದು ಸಂಗತಿ ನೆನಪಿರಲಿ: ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕೀಲಿ ನಡೆಸುವಂತಿಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿರುವುದರಿಂದ, ನ್ಯಾಯಾಧೀಶರಾಗುವ ಆಸೆಯಿರುವವರು ಮೊದಲು ಆ ಮೂರು ವರ್ಷವನ್ನು ಪೂರೈಸುವುದು ಲೇಸು.

ಮೂರನೆಯದು ಬ್ಯಾಂಕುಗಳ ಪಟ್ಟಿಯಲ್ಲಿ ಹೆಸರು ಪಡೆದು ಜಮೀನಿನ ಹಕ್ಕು ಪರಿಶೀಲಿಸುವ, ಸಾಲ ವಸೂಲಿ ನ್ಯಾಯಮಂಡಳಿಯಲ್ಲಿ ವಾದಿಸುವ ಸ್ಥಳೀಯ ವಕೀಲಿ. ಆರಂಭದ ವರ್ಷಗಳು ಇಲ್ಲಿ ಬಡತನದ ವರ್ಷಗಳು. ಕಿರಿಯರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸೂಚಿಸಿದೆಯಾದರೂ ಅದು ಶಿಫಾರಸು ಮಾತ್ರ. ಆದರೆ ಈ ಸೀಮೆಯ ಮಕ್ಕಳಿಗೆ ಇಲ್ಲಿ ಒಂದು ಮೇಲುಗೈ ಇದೆ. ಇಲ್ಲಿಯ ಜಮೀನಿನ ಚರಿತ್ರೆ ಒಂದೇ ಭಾಷೆಯಲ್ಲಿಲ್ಲ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿ, 1954–55ರ ಖಾಸ್ರಾ ಪಹಣಿ ಹಕ್ಕಿನ ಪ್ರಶ್ನೆ ಎದ್ದಾಗಲೆಲ್ಲ ಹೊರಬರುವ ದಾಖಲೆ, ಅನಂತರದ್ದು ತೆಲುಗಿನಲ್ಲಿ, 2020ರಲ್ಲಿ ಧರಣಿ, 2025ರಿಂದ ಭೂಭಾರತಿ. ಗಡಿಯ ಕುಟುಂಬಗಳಿಗೆ ಬೀದರ, ಕಲಬುರಗಿಗಳಲ್ಲಿಯೂ ಹೊಲಗಳಿದ್ದರೆ ಅಲ್ಲಿಯ ಪಹಣಿ ಕನ್ನಡದಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ 2018ರ ಕಾಯ್ದೆಯಂತೆ ತೆಲುಗು, ಸಂತೆಯಲ್ಲಿ ಉರ್ದು ಕಲಿತ ಹುಡುಗಿಯೊಬ್ಬಳು ಇಂಗ್ಲಿಷ್ ಕರಡು ಬರೆಯುವುದನ್ನೂ ಉರ್ದು ಲಿಪಿ ಓದುವುದನ್ನೂ ಕಲಿತರೆ, ಹೈದರಾಬಾದಿನ ದೊಡ್ಡ ಕಚೇರಿಯೂ ಇಲ್ಲಿಯ ಜಮೀನಿನ ವಿಷಯದಲ್ಲಿ ಅವಳನ್ನೇ ಕೇಳಬೇಕಾದೀತು.

ಇಂಥ ವಕೀಲರು ಊರಿಗೂ ಬೇಕು. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆಯೇ 60 ದಿನಗಳ ನೋಟಿಸು ಕೊಟ್ಟು ಒತ್ತೆಯ ಆಸ್ತಿಯನ್ನು ಹಿಡಿಯಬಲ್ಲದು. ಆದರೆ ಅದೇ ಕಾಯ್ದೆಯ 31ನೆಯ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಪಹಣಿಯಲ್ಲಿ ಕೃಷಿಯೆಂದು ಬರೆದಿದ್ದರೆ ಸಾಲದು, ಭೂಮಿಯಲ್ಲಿ ನಿಜವಾಗಿ ಬೇಸಾಯ ನಡೆದಿರುವುದನ್ನು ಸಾಲಗಾರನೇ ತೋರಿಸಬೇಕೆಂದು ತೆಲಂಗಾಣದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಬ್ಯಾಂಕಿನ ಕ್ರಮದ ವಿರುದ್ಧ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕಲು 45 ದಿನಗಳ ಅವಧಿಯಿದೆ. ಇದನ್ನು ಸಮಯಕ್ಕೆ ಸರಿಯಾಗಿ, ಕನ್ನಡದಲ್ಲಿ ತಿಳಿಸಿ ಹೇಳುವವರಿದ್ದರೆ ಎಷ್ಟೋ ಹೊಲಗಳು ಉಳಿದಾವು.

ಆದುದರಿಂದ ಕಾನೂನು ಓದಬೇಕೆನ್ನುವ ಮಗುವನ್ನು ಪಾಲಕರು ತಡೆಯಬೇಕಾಗಿಲ್ಲ. ಒಂದೇ ಬಾಗಿಲಿನ ಮೇಲೆ ಎಲ್ಲವನ್ನೂ ಪಣಕ್ಕಿಡದಿದ್ದರೆ ಸಾಕು. ಕ್ಲಾಟ್ ಜೊತೆಗೆ ಲಾಸೆಟ್ಟನ್ನೂ ಬರೆಸಬೇಕು. ಸಾಲದ ಮೊತ್ತವನ್ನು ಬ್ಯಾಂಕಿನ ಕಾನೂನು ಅಧಿಕಾರಿಯ ಸಂಬಳದಿಂದ ತೀರಿಸಲು ಸಾಧ್ಯವೇ ಎಂದು ಲೆಕ್ಕ ಹಾಕಬೇಕು. ಸಾಧ್ಯವಿದ್ದರೆ ಮುಂದಡಿ ಇಡಬಹುದು, ದೊಡ್ಡ ಸಂಸ್ಥೆ ದೊರೆತರೆ ಅದು ಲಾಭ. ಮನೆಗೆ ಬಂದ ಬೆಳೆಸಾಲದ ಕಾಗದವನ್ನು ಈಗಲೇ ಮಗುವಿನ ಕೈಗೆ ಕೊಟ್ಟು, ಪ್ರತಿ ಸಾಲನ್ನೂ ಓದಿ ಕನ್ನಡದಲ್ಲಿ ಅರ್ಥ ಹೇಳಲು ಹಚ್ಚಬೇಕು. ಬೇಸರವಿಲ್ಲದೆ ಕೊನೆಯ ಪುಟದವರೆಗೆ ಓದಿದ ಮಗು ಈ ವೃತ್ತಿಗೆ ತಕ್ಕದ್ದು.